ಏಳು ಬ್ಯಾಂಡಿನ ಮೆರವಣಿಗೆ

(ಅಜ್ಜಂಪುರ ರೈಲ್ವೆ ಸ್ಟೇಷನ್. ಈರುಳ್ಳಿ ಮೂಟೆ ಮೇಲೆ ಅಜ್ಜ, ಪಕ್ಕದಲ್ಲಿ ಇಂಜಿನಿಯರ್ ಮೊಮ್ಮಗ.)

ಅಜ್ಜ: ಎಲ್ಲಿಗೋ ಸವಾರಿ?

ಮೊಮ್ಮಗ: ಬೆಂಗಳೂರಿಗಜ್ಜ, ಐಇಎಲ್‌ಟಿಎಸ್ ಬರೆಯೋಕೆ. 9ಕ್ಕೆ 7 ಬ್ಯಾಂಡ್ ಬಂದ್ರೆ ಲಂಡನ್!

ಅಜ್ಜ: ಏಳು ಬ್ಯಾಂಡಾ? ನನ್ನ ಮದುವೆಗೆ ತರೀಕೆರೆಯಿಂದ ಒಂದೇ ಬಂದಿತ್ತು!

ಮೊಮ್ಮಗ: ಇದು ಇಂಗ್ಲಿಷ್ ಪರೀಕ್ಷೆ. ಕೇಳೋದು, ಓದೋದು, ಬರೆಯೋದು, ಮಾತಾಡೋದು.

ಅಜ್ಜ: ಕಡೂರು ಕಾನ್ವೆಂಟಿಂದ ಇಂಗ್ಲಿಷಲ್ಲೇ ಓದಿದ್ಯಲ್ಲೋ?

ಮೊಮ್ಮಗ: ಅದನ್ನ ಲಂಡನ್ನಿನವರು ನಂಬಲ್ಲ.

ಅಜ್ಜ: ಫೀಸು ಕಟ್ಟುವಾಗ ನಾನು ನಂಬಿದ್ದೆ! ಪಾಸಾದ್ರೆ ಜೀವನಪೂರ್ತಿ ನಡೆಯುತ್ತಾ?

ಮೊಮ್ಮಗ: ಇಲ್ಲ, 2 ವರ್ಷ ಅಷ್ಟೇ.

ಅಜ್ಜ: ಆಮೇಲೆ ಇಂಗ್ಲಿಷು ಹಳಸುತ್ತಾ? ನಿಮ್ಮಜ್ಜಿ ಉಪ್ಪಿನಕಾಯೇ ವಾಸಿ. ಸರಿ, ಲಂಡನ್ನಲ್ಲಿ ಖರ್ಚಿಗೆ?

ಮೊಮ್ಮಗ: ಸಂಜೆ ಹೋಟೆಲಲ್ಲಿ ತಟ್ಟೆ ತೊಳೀತೀನಿ.

ಅಜ್ಜ: ಓಹೋ, ಅಲ್ಲಿ ತಟ್ಟೆನೂ ಇಂಗ್ಲಿಷಲ್ಲೇ ಮಾತಾಡಿಸ್ಬೇಕು ಅನ್ನು!