ಕಾಮಿಕ್ ಕಾನ್‌ಗೆ ಹೊರಟ ಕಾಕಾ

ಮನೆಯ ಹುಡುಗರನ್ನು ಮೊದಲ ಸಲ ಬೆಂಗಳೂರಿನ ಕಾಮಿಕ್ ಕಾನ್‌ಗೆ ಕರೆದೊಯ್ಯುವ ಕಾಕಾ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆ ಒಂದೇ ತೆರನಾಗಿರುತ್ತಾರೆ. ವಯಸ್ಸು ನಲವತ್ತು ದಾಟಿರುತ್ತದೆ. ಗೊಬ್ಬರದಂಗಡಿಯೋ, ಸೊಸೈಟಿಯಲ್ಲಿ ಕಾರಕೂನಿಕೆಯೋ, ಎಲ್‌ಐಸಿ ಏಜೆನ್ಸಿಯೋ, ಕಸುಬು ಯಾವುದಾದರೂ ಇರಲಿ, ಮನೆಯವರ ಲೆಕ್ಕದಲ್ಲಿ ಅವರು ‘ಖಾಲಿ ಅದಾರ’. ದವಾಖಾನೆಗೆ, ಕನ್ಯಾ ನೋಡಲು, ಸಾಲಿಯಿಂದ ಟಿಸಿ ತರಲು ಜೊತೆಗೆ ಹೋಗುವವರು ಅವರೇ. ಧಾರವಾಡದಲ್ಲಿ ಹೈಕೋರ್ಟ್ ಪೀಠ ಆದದ್ದು 2008ರಲ್ಲಿ. ಅದಕ್ಕೂ ಮುಂಚೆ ಯಾವುದೋ ಹೊಲದ ಕೇಸಿಗೆ ಬೆಂಗಳೂರಿಗೆ ಹೋಗಿಬಂದಿದ್ದರಿಂದ ‘ಬೆಂಗಳೂರು ಗೊತ್ತಿದ್ದವರು’ ಎಂಬ ಬಿರುದೂ ಅವರಿಗಿದೆ. ಅವರಿಗೆ ಗೊತ್ತಿರುವ ಬೆಂಗಳೂರಿನಲ್ಲಿ ಮೆಟ್ರೋ ಇನ್ನೂ ಬಂದಿಲ್ಲ.

ಮೆಚ್ಚಿನ ಪಾತ್ರಗಳ ವೇಷ ತೊಟ್ಟು ಜನ ಸೇರುವ ಕಾಮಿಕ್ ಕಾನ್ ಮೇಳ ಈ ದೇಶದಲ್ಲಿ ಶುರುವಾದದ್ದು 2011ರಲ್ಲಿ, ದೆಹಲಿಯ ದಿಲ್ಲಿ ಹಾಟ್‌ನಲ್ಲಿ. ಮರುವರ್ಷವೇ ಬೆಂಗಳೂರಿಗೆ ಬಂತು. ಈಚೆಗೆ ವೈಟ್‌ಫೀಲ್ಡಿನ ಕೆಟಿಪಿಒ ಸಭಾಂಗಣದಲ್ಲಿ ನಡೆಯುತ್ತದೆ. ಹೆಸರು ಕಾಮಿಕ್ಸಿನದಾದರೂ ನಮ್ಮ ಕಡೆಯ ಹುಡುಗರ ಕಣ್ಣೆಲ್ಲ ಜಪಾನಿನ ಅನಿಮೆ ಕಾರ್ಟೂನುಗಳ ಮೇಲೆ. 1999ರಲ್ಲಿ ಮಸಾಶಿ ಕಿಶಿಮೊತೊ ಕಾಮಿಕ್ಸಾಗಿ ಆರಂಭಿಸಿದ ‘ನರುಟೊ’, ಅದಕ್ಕೂ ಎರಡು ವರ್ಷ ಮೊದಲು ಹುಟ್ಟಿ ಇನ್ನೂ ಮುಗಿಯದ ‘ಒನ್ ಪೀಸ್’, ಇವನ್ನೆಲ್ಲ ಅವರು ಮೊಬೈಲಿನಲ್ಲಿ ನೋಡಿ ಅರಗಿಸಿಕೊಂಡಿರುತ್ತಾರೆ. ಇಪ್ಪತ್ತೈದು ವರ್ಷವಾದರೂ ಮುಗಿಯದ ಕತೆ ಎಂದರೆ ಕಾಕಾಗೆ ಹೊಲದ ಕೇಸಷ್ಟೇ ನೆನಪಾಗುತ್ತದೆ.

ಒಪ್ಪಿಗೆ ಪಡೆಯುವ ಕೆಲಸ ಅಣ್ಣನ ಮಗಳದು. ಆಯಿಯ ವಿರೋಧವನ್ನು ಆಕೆ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ: ಜಪಾನಿನವರು ರಾಮಾಯಣವನ್ನೂ ಮಾಡಿದ್ದಾರೆ. ಮಾತು ಸುಳ್ಳಲ್ಲ. ಯುಗೊ ಸಾಕೊ ಮುಂದಾಳ್ತನದಲ್ಲಿ, ನಮ್ಮ ದೇಶದ ರಾಮ್ ಮೋಹನರೂ ಸೇರಿ ನಿರ್ದೇಶಿಸಿದ ಆ ಚಿತ್ರ 1992ರದು. 2025ರ ಜನವರಿಯಲ್ಲಿ ಇಲ್ಲಿನ ಚಿತ್ರಮಂದಿರಗಳಿಗೂ ಬಂತು. ಸುರೇಬಾನದ ಹತ್ತಿರ ಶಬರಿಕೊಳ್ಳವನ್ನೇ ಇಟ್ಟುಕೊಂಡಿರುವ ರಾಮದುರ್ಗದ ಮನೆಗಳಲ್ಲಿ ಇದಕ್ಕೆ ಎದುರಾಡುವವರು ಕಡಿಮೆ. ಆಮೇಲೆ ಉಳಿಯುವುದು ಖರ್ಚಿನ ಪ್ರಶ್ನೆ. ಹುಡುಗಿಗೆ ಧಾರವಾಡದ ತನಕ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ. ಒಳಗೆ ಹೋಗಲು ತಲಾ ಸಾವಿರದ ಆಸುಪಾಸು. ಈ ಎರಡನ್ನೂ ಕಾಕಾ ಒಂದೇ ಚೀಟಿಯ ಮೇಲೆ ಬರೆದು ಬಹಳ ಹೊತ್ತು ನೋಡುತ್ತಾರೆ.

ವೇಷದ ತಯಾರಿ ಊರಲ್ಲೇ ಆಗುತ್ತದೆ. ‘ಡೀಮನ್ ಸ್ಲೇಯರ್’ನ ತಂಜಿರೋ ಹಾಕುವ ಹಸಿರು-ಕಪ್ಪು ದೊಡ್ಡ ಚೌಕಳಿಯ ನಿಲುವಂಗಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ ಬಜಾರದ ಟೇಲರ್ ಕನ್ನಡಕ ಮೇಲೇರಿಸಿ, ‘ಲುಂಗಿ ಅರಿವ್ಯಾಗ ಹೊಲದ್ರ ನಡೀತೈತೇನ್ರಿ?’ ಎಂದು ಕೇಳುತ್ತಾನೆ. ನಡೆಯುತ್ತದೆ ಎಂದು ಕಾಕಾ ತೀರ್ಮಾನ ಕೊಡುತ್ತಾರೆ. ನಡೆಯುವುದಿಲ್ಲ ಎಂದು ಹುಡುಗಿ ಅಳುತ್ತಾಳೆ. ಕೊನೆಗೆ ಎರಡು ಬಣ್ಣದ ಬಟ್ಟೆ ತಂದು ಚೌಕ ಕತ್ತರಿಸಿ ಕೂಡಿಸುವುದೆಂದಾಗುತ್ತದೆ. ಕೌದಿ ಹೊಲಿದು ರೂಢಿಯಿರುವ ಆಯಿ ಒಂದೂ ಮಾತಾಡದೆ ಸೂಜಿ ಎತ್ತಿಕೊಳ್ಳುತ್ತಾಳೆ. ಖಡ್ಗದ ಜವಾಬ್ದಾರಿ ಮಾತ್ರ ಕಾಕಾನದೇ. ಸಾಲಿಯ ಛದ್ಮವೇಷದಲ್ಲಿ ಒಮ್ಮೆಯಾದರೂ ಕಿತ್ತೂರು ಚೆನ್ನಮ್ಮನೋ ಸಂಗೊಳ್ಳಿ ರಾಯಣ್ಣನೋ ಆಗದ ಮಗು ಈ ಸೀಮೆಯಲ್ಲಿ ಸಿಗುವುದು ಕಷ್ಟ. ಆದ್ದರಿಂದ ರಟ್ಟಿಗೆ ಬೇಗಡಿ ಅಂಟಿಸಿ ಖಡ್ಗ ಮಾಡುವ ವಿದ್ಯೆ ಮನೆಮನೆಗೂ ಗೊತ್ತು.

ಬೈಲಹೊಂಗಲಕ್ಕೆ ರೈಲಿಲ್ಲ. ಬಸ್ಸಿನಲ್ಲಿ ಧಾರವಾಡ ಮುಟ್ಟಿ, ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಇಳಿಯುವುದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ. ಗಾಡಿಯೂ ನಮ್ಮದು, ಸ್ಟೇಶನ್ನೂ ನಮ್ಮದು ಎಂದು ಕಾಕಾ ಎದುರು ಬರ್ತಿನವರಿಗೆ ತಿಳಿಸಿ ಹೇಳುತ್ತಾರೆ. ಅಲ್ಲಿಂದ ವೈಟ್‌ಫೀಲ್ಡಿಗೆ ನೇರಳೆ ಮಾರ್ಗದ ಮೆಟ್ರೋ ನೇರ ಹೋಗುತ್ತದೆ. ಇದನ್ನು ‘ಬೆಂಗಳೂರು ಗೊತ್ತಿದ್ದವರಿಗೆ’ ಹುಡುಗಿಯೇ ಹೇಳಬೇಕಾಗುತ್ತದೆ.

ಬಾಗಿಲಲ್ಲಿ ಎರಡು ತಡೆ. ಮೊದಲನೆಯದು ಖಡ್ಗದ್ದು: ಲೋಹದ್ದು, ಹರಿತವಾದದ್ದು ಒಳಗೆ ಹೋಗುವಂತಿಲ್ಲ. ಕಾವಲಿನವನು ಬಗ್ಗಿಸಿ ನೋಡುವಾಗ ಕಾಕಾ ‘ಹಗೂರ್ರಿ, ಅಂಟು ಇನ್ನೂ ಹಸಿ ಐತಿ’ ಎನ್ನುತ್ತಾರೆ. ಎರಡನೆಯದು ಬುತ್ತಿಯದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮಾದ್ಲಿ ಕಟ್ಟಿದ ಗಂಟು ಒಳಗೆ ನಡೆಯುವುದಿಲ್ಲವೆಂದಾಗ, ಅದನ್ನು ಕಸದ ಬುಟ್ಟಿಗೆ ಹಾಕುವ ಜಾತಿಯಲ್ಲ ಕಾಕಾ. ಸಾಲಿನಲ್ಲಿ ಹಿಂದೆ ಮುಂದೆ ನಿಂತ ನಿಂಜಾಗಳಿಗೆಲ್ಲ ಹಂಚಿ, ತಾವೂ ನಿಂತಲ್ಲೇ ತಿಂದು ಮುಗಿಸುತ್ತಾರೆ.

ಒಳಗೆ ಹೋದ ಮೇಲೆ ಅವರ ಮುಖ್ಯ ಕೆಲಸ ವಿಮರ್ಶೆ. ಸಂಗ್ಯಾ-ಬಾಳ್ಯಾರ ಕತೆ ನಡೆದ ಸೀಮೆಯವರು, ಸಣ್ಣಾಟ ನೋಡುತ್ತಲೇ ಬೆಳೆದವರು, ಗೊಡಚಿಯ ಜಾತ್ರೆಯಲ್ಲಿ ಪುರವಂತರ ಒಡಪು ಕೇಳಿದವರು. ವೇಷದ ವಿಷಯದಲ್ಲಿ ಅವರನ್ನು ಮೆಚ್ಚಿಸುವುದು ಸುಲಭವಲ್ಲ. ವೇದಿಕೆಗೆ ಬಂದವರು ಖಡ್ಗ ಎತ್ತಿ, ಫೋಟೋಕ್ಕೆ ನಿಂತು, ಇಳಿದು ಹೋಗುವುದನ್ನು ಕಂಡು ಅವರು ಬೇಸರಪಡುತ್ತಾರೆ. ‘ಬಣ್ಣಾ ಚಲೋ ಹಚ್ಯಾರ, ಖರೆ ಒಂದ ಮಾತಿಲ್ಲ, ಹಾಡಿಲ್ಲ. ಇಷ್ಟಕ್ಕ ಯಾಕ ಬಣ್ಣಾ ಹಚ್ಚಬೇಕು?’ ಆಕ್ಷೇಪದಲ್ಲಿ ಹುರುಳಿದೆ ಎಂದೇ ಹೇಳಬೇಕು.

ಖರೀದಿಯಲ್ಲಿ ಅರ್ಧ ದರದಿಂದ ಚೌಕಾಸಿ ಶುರುವಾಗುತ್ತದೆ. ಚಿತ್ರಗಾರರ ಸಾಲಿನಲ್ಲಿ ಕುಳಿತ ಹುಡುಗಿ ‘ನಾನೇ ಬರೆದದ್ದು ಅಂಕಲ್’ ಎಂದರೆ ಮಾತ್ರ ಪೂರಾ ಹಣ ಕೊಟ್ಟು, ಮೇಲೆ ‘ಕೈ ಚಲೋ ಐತಿ’ ಎಂಬ ಮೆಚ್ಚುಗೆಯನ್ನೂ ಕೊಡುತ್ತಾರೆ. ನಡುಮಧ್ಯಾಹ್ನದ ಹೊತ್ತಿಗೆ ಕೊಂಬಿನ ರಾಕ್ಷಸನೊಬ್ಬನ ಪಕ್ಕ, ಎಮ್ಮೆಲ್ಲೆ ಜೊತೆ ನಿಂತಂತೆ ಕೈಕಟ್ಟಿ ನಿಂತ ಅವರ ಫೋಟೋ ಮನೆಯ ವಾಟ್ಸಾಪ್ ಗುಂಪಿಗೆ ಬಿದ್ದಿರುತ್ತದೆ.

ಅವರಿಂದ ತಪ್ಪಿಸಿಕೊಳ್ಳಲಾಗದ್ದು ಒಂದೇ ಪ್ರಶ್ನೆ: ‘ಯಾವ ಊರ ತಮ್ಮಾ? ಯಾರ ಪೈಕಿ?’ ಮುಖವಾಡ, ವಿಗ್ಗು, ಬೆನ್ನಿಗೆ ರೆಕ್ಕೆ ಏನೇ ಇದ್ದರೂ ವಿನಾಯಿತಿಯಿಲ್ಲ. ಹತ್ತು ಜನರನ್ನು ಕೇಳಿದರೆ ಒಬ್ಬ ನರುಟೊ ರಾಮದುರ್ಗದ ಕಡೆಯವನಾಗಿ ಸಿಕ್ಕೇ ಸಿಗುತ್ತಾನೆ, ಅವನ ಸೋದರತ್ತೆಯನ್ನು ಸವದತ್ತಿಗೆ ಕೊಟ್ಟಿರುತ್ತಾರೆ. ಮುಂದಿನ ಕಾಮಿಕ್ ಕಾನ್‌ಗೆ ವೇಷ ಕಟ್ಟಿ ಹೋಗುವವರಲ್ಲಿ ವಿನಂತಿ ಇಷ್ಟೇ: ಇಂಥ ಕಾಕಾ ಎದುರಾದರೆ ಊರು, ಮನೆತನದ ಹೆಸರು ಎರಡನ್ನೂ ಕೂಡಲೇ ಹೇಳಿಬಿಡಿ. ಹೇಳದಿದ್ದರೆ ಅವರು ಕದಲುವುದಿಲ್ಲ, ಹಿಂದಿನ ಸಾಲೂ ಕದಲುವುದಿಲ್ಲ.