ಮೆಟಲ್ ಮಾಮ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬ ಮೆಟಲ್ ಮಾಮ ಸಿಕ್ಕೇ ಸಿಗುತ್ತಾರೆ. ಲಿಫ್ಟಿನೊಳಗೇ ಗುರುತು ಹಿಡಿಯಬಹುದು. ವಯಸ್ಸು ಐವತ್ತು ದಾಟಿದೆ. ಹಿಂದೆ ಭುಜ ಮುಟ್ಟುತ್ತಿದ್ದ ಕೂದಲು ಈಗ ಕಿವಿಯ ಸುತ್ತ ಮಾತ್ರ ಉಳಿದಿದೆ; ಅದೂ ರಾಜೀನಾಮೆ ಪತ್ರ ಬರೆದಿಟ್ಟುಕೊಂಡಿದೆ. ಮೈಮೇಲೆ ಕಪ್ಪು ಟಿ-ಶರ್ಟು, ಟಿ-ಶರ್ಟಿನ ಮೇಲೆ ತಲೆಬುರುಡೆ, ತಲೆಬುರುಡೆಯ ಹಣೆಗೆ ಸರಿಯಾಗಿ ಕಂಪನಿಯ ಐಡಿ ಕಾರ್ಡು. ಕೈಯಲ್ಲಿ ಹಾಲಿನ ಪ್ಯಾಕೆಟ್ಟು. ಮಕ್ಕಳು "ಹಾಯ್ ಮಾಮ" ಅಂದರೆ ಪ್ಯಾಕೆಟ್ಟನ್ನು ಕಂಕುಳಿಗೆ ಸೇರಿಸಿ, ತೋರುಬೆರಳು ಕಿರುಬೆರಳುಗಳ ಕೊಂಬು ಎತ್ತಿ ಆಶೀರ್ವಾದ ಮಾಡುತ್ತಾರೆ. ಒಂದು ಕಾಲದಲ್ಲಿ ಗಿಟಾರಿನ ಸದ್ದಿಗೆ ತಲೆಯನ್ನು ಗರಗರ ತಿರುಗಿಸುತ್ತಿದ್ದವರು. ಸರ್ವೈಕಲ್ ಸ್ಪಾಂಡಿಲೋಸಿಸ್ ಬಂದ ಮೇಲೆ ಫಿಸಿಯೋಥೆರಪಿಯವರು ಎಷ್ಟು ಹೇಳಿದ್ದಾರೋ ಅಷ್ಟೇ, ಎಡಕ್ಕೆ ಹತ್ತು, ಬಲಕ್ಕೆ ಹತ್ತು.

ನಮ್ಮ ಬ್ಲಾಕಿನ ಮಾಮ ಮೆಟಾಲಿಕಾ ಎಂಬ ಮೆಟಲ್ ಸಂಗೀತ ತಂಡದ ಪಂಥದವರು. ಅವರ ಸಿದ್ಧಾಂತ ಬಹಳ ಸ್ಪಷ್ಟ: ಗ್ರ್ಯಾಮಿ ಪ್ರಶಸ್ತಿಗೂ ಸಂಗೀತಕ್ಕೂ ಸಂಬಂಧವಿಲ್ಲ, ಅದು ಸೂಟು ಗೌನು ತೊಟ್ಟವರು ಒಬ್ಬರಿಗೊಬ್ಬರು ಚಪ್ಪಾಳೆ ತಟ್ಟಿಕೊಳ್ಳುವ ಜಾಗ, ಅದನ್ನು ನೋಡುವುದೇ ಅವಮಾನ. ಈ ಅವಮಾನವನ್ನು ಅವರು ಒಂದು ವರ್ಷವೂ ತಪ್ಪಿಸಿಕೊಂಡಿಲ್ಲ.

ಯಾಕೆಂದರೆ ಅಲ್ಲಿ ಅವರದೊಂದು ಹಳೆಯ ದಾವೆ ಇದೆ. 1989ರ ಫೆಬ್ರವರಿ 22, ಲಾಸ್ ಏಂಜಲೀಸಿನ ಶ್ರೈನ್ ಆಡಿಟೋರಿಯಂ. ಹಾರ್ಡ್ ರಾಕ್ ಮತ್ತು ಮೆಟಲ್ ಸಂಗೀತಕ್ಕೆ ಗ್ರ್ಯಾಮಿಯವರು ಮೊದಲ ಬಾರಿ ಪ್ರಶಸ್ತಿ ಇಟ್ಟಿದ್ದರು. ಮೆಟಾಲಿಕಾ ಅದೇ ವೇದಿಕೆಯಲ್ಲಿ 'ಒನ್' ಹಾಡಿ ಬೆವರು ಒರೆಸಿಕೊಂಡಿತ್ತು. ಗೆಲುವು ಅವರದೇ ಎಂದು ಜಗತ್ತೆಲ್ಲ ನಂಬಿತ್ತು. ಆಲಿಸ್ ಕೂಪರ್ ಮತ್ತು ಲೀಟಾ ಫೋರ್ಡ್ ಲಕೋಟೆ ಒಡೆದರೆ ಒಳಗಿದ್ದ ಹೆಸರು ಜೆತ್ರೋ ಟಲ್! ಮುಂದಾಳು ಒಂದು ಕಾಲ ಮೇಲೆ ನಿಂತು ಕೊಳಲೂದುವ ತಂಡ. ಪ್ರಶಸ್ತಿ ಬರುವುದಿಲ್ಲವೆಂದು ಅವರಿಗೇ ಎಷ್ಟು ಖಾತ್ರಿಯಿತ್ತೆಂದರೆ ಸಮಾರಂಭಕ್ಕೂ ಬಂದಿರಲಿಲ್ಲ. ಆಮೇಲೆ ಅವರ ರೆಕಾರ್ಡ್ ಕಂಪನಿ, ಕೊಳಲೂ ಭಾರವಾದ ಲೋಹದ ವಾದ್ಯವೇ ತಾನೆ ಎಂಬರ್ಥದ ಜಾಹೀರಾತು ಬೇರೆ ಕೊಟ್ಟಿತು.

ಆಗ ಮಾಮ ಪಿಯುಸಿ ಓದುತ್ತಿದ್ದರು. ಕಾರ್ಯಕ್ರಮ ನೋಡಿರಲಿಲ್ಲ, ಸುದ್ದಿ ಅವರನ್ನು ತಲುಪಿದ್ದೇ ಎಷ್ಟೋ ದಿನದ ಮೇಲೆ. ಆದರೂ ಪ್ರತ್ಯಕ್ಷ ಸಾಕ್ಷಿ ಹೇಳುವುದು ಅವರೇ. ಕೇಳಿದವರಿಗೆ ಲಕೋಟೆ ಹರಿದ ಶಬ್ದವೂ ಕೇಳಿಸಬೇಕು, ಹಾಗೆ ಹೇಳುತ್ತಾರೆ.

ಮರುವರ್ಷವೇ ಗ್ರ್ಯಾಮಿಯವರು ಹಾರ್ಡ್ ರಾಕನ್ನೂ ಮೆಟಲನ್ನೂ ಬೇರೆ ಬೇರೆ ಮಾಡಿ, ಮೆಟಲ್ ಪ್ರಶಸ್ತಿಯನ್ನು ಅದೇ 'ಒನ್' ಹಾಡಿಗೆ ಕೊಟ್ಟರು. ಬೇರೆ ಯಾರಾದರೂ ಆಗಿದ್ದರೆ ರಾಜಿಯಾಗುತ್ತಿದ್ದರು. ಮಾಮನಿಗೆ ಈ ಪ್ರಶಸ್ತಿಯ ವಿಷಯವನ್ನು ನೆನಪಿಸಿದರೆ, "ಅದು ಪರಿಹಾರ ಧನ, ನ್ಯಾಯ ಅಲ್ಲ" ಎನ್ನುತ್ತಾರೆ. 1992ರಲ್ಲಿ ಮೆಟಾಲಿಕಾ ಮತ್ತೆ ಗೆದ್ದಾಗ ಡ್ರಮ್ಮರ್ ಲಾರ್ಸ್ ಉಲ್ರಿಕ್, ಈ ವರ್ಷ ಆಲ್ಬಂ ತರದೇ ಇದ್ದುದಕ್ಕೆ ಜೆತ್ರೋ ಟಲ್‌ಗೆ ಕೃತಜ್ಞತೆ ಎಂದು ವೇದಿಕೆಯಿಂದಲೇ ಚುಚ್ಚಿದ್ದನ್ನು ಮಾತ್ರ ಬಹಳ ಸಂತೋಷದಿಂದ ಹೇಳುತ್ತಾರೆ. ನಿಜವಾಗಿ 1991ರಲ್ಲಿ ಟಲ್‌ನವರು ಒಂದು ಆಲ್ಬಂ ತಂದಿದ್ದರು. ಇದನ್ನು ಮಾಮನ ಮುಂದೆ ಯಾರೂ ಎತ್ತಬಾರದೆಂದು ನಮ್ಮ ಬ್ಲಾಕಿನಲ್ಲಿ ಅಲಿಖಿತ ನಿಯಮವಿದೆ.

ಪ್ರಶಸ್ತಿ ಸಮಾರಂಭದಲ್ಲಿ ತಮ್ಮ ತಂಡ ಹಾಡುವಾಗ ಮೆಟಲ್ ಮಾಮ ಹಾಡು ಕೇಳುವುದಿಲ್ಲ, ಮಹಜರು ನಡೆಸುತ್ತಾರೆ. ಹಾಡು ಯಾವುದೇ ಇರಲಿ, ಅದು ತಪ್ಪು ಹಾಡು. ಹಳೆಯದು ಹಾಡಿದರೆ "ಹೊಸದಕ್ಕೆ ಧೈರ್ಯ ಇಲ್ವಾ?", ಹೊಸದು ಹಾಡಿದರೆ "ಹಳೇದರ ಮುಂದೆ ಇದು ಯಾವ ಲೆಕ್ಕ?". ಆಮೇಲೆ ಕ್ಯಾಮೆರಾದವನ ವಿಚಾರಣೆ. ಗಿಟಾರಿನ ಸೋಲೋ ಉತ್ತುಂಗಕ್ಕೆ ಹೋಗುವ ಹೊತ್ತಿಗೇ ಅವನು ಮುಂದಿನ ಸಾಲಿನ ನಟಿಯೊಬ್ಬಳ ಕಿವಿಯೋಲೆ ತೋರಿಸುತ್ತಾನೆ. ಮೂರನೆಯದು ಅತಿಥಿ ಕಲಾವಿದರ ಸಮಸ್ಯೆ. 2014ರ ಗ್ರ್ಯಾಮಿಯಲ್ಲಿ ಮೆಟಾಲಿಕಾ ಅದೇ 'ಒನ್' ಹಾಡನ್ನು ಚೀನಾದ ಪಿಯಾನೋ ವಾದಕ ಲಾಂಗ್ ಲಾಂಗ್ ಜೊತೆ ನುಡಿಸಿತು. "ಪಿಯಾನೋ ಹೇಗಿತ್ತು ಮಾಮ?" ಎಂದು ಕೇಳಿದ್ದಕ್ಕೆ, "ಕೇಳಿಸಿತು, ಅದೇ ತೊಂದರೆ" ಎಂದರು.

ಇಷ್ಟೆಲ್ಲ ಸಣ್ಣಪುಟ್ಟ ತಕರಾರುಗಳಲ್ಲೇ ಬಾಳು ಸವೆಸುತ್ತಿದ್ದ ಮಾಮನಿಗೆ ಭಾಗ್ಯದ ಬಾಗಿಲು ತೆರೆದದ್ದು 2017ರ ಫೆಬ್ರವರಿ 13, ಸೋಮವಾರ ಬೆಳಗ್ಗೆ.

ಲಾಸ್ ಏಂಜಲೀಸಿನ ಸ್ಟೇಪಲ್ಸ್ ಸೆಂಟರಿನಲ್ಲಿ ಅದು ಭಾನುವಾರದ ಸಂಜೆ. ಇಲ್ಲಿ ನಮಗೆ ಸೋಮವಾರ ಬೆಳಗ್ಗೆ ಆರೂವರೆ. ಎಂಟು ಗಂಟೆಗೆ ಮುಂಚೆ ಸೂರ್ಯನ ಮುಖ ನೋಡದ ಮನುಷ್ಯ ಆರಕ್ಕೇ ಎದ್ದು, ಮುಖ ತೊಳೆದು, ತಲೆಬುರುಡೆಯ ಟಿ-ಶರ್ಟು ಹಾಕಿಕೊಂಡು ಸೋಫಾದಲ್ಲಿ ಕೂತಿದ್ದನ್ನು ನೋಡಿ ಅವರ ತಂದೆ, "ಇವತ್ತೇನೋ ವಿಶೇಷ? ಪಂಚಾಂಗದಲ್ಲಿ ಏನೂ ಕಾಣಲಿಲ್ಲ" ಎಂದರು.

ಈ ತಂದೆಯವರ ಬಗ್ಗೆ ನಾಲ್ಕು ಮಾತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳ ಕಾಯಂ ಶ್ರೋತೃ ಅವರು. ಮಗನ ಸಂಗೀತದ ಬಗ್ಗೆ ಮೂವತ್ತು ವರ್ಷಗಳಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದು ಮುಗಿಯೋದು ಯಾವಾಗ ಅಂತ ನುಡಿಸೋರಿಗಾದ್ರೂ ಗೊತ್ತಿರುತ್ತೇನೋ?"

ಅಡೆಲ್ ಹಾಡಿದಳು, ಬಿಯಾನ್ಸೆ ಬಂದಳು, ಬ್ರೂನೋ ಮಾರ್ಸ್ ಕುಣಿದ. ಪಿಯುಸಿ ಓದುವ ಮಗಳು ಒಂದೊಂದಕ್ಕೂ ಚಪ್ಪಾಳೆ ತಟ್ಟಿದಳು. ಮಾಮ ಆಫೀಸಿಗೆ "ಮೈಯಲ್ಲಿ ಹುಷಾರಿಲ್ಲ, ಅರ್ಧ ದಿನ ರಜೆ" ಎಂದು ಸಂದೇಶ ಕಳಿಸಿದರು. "ರೀ, ಉಪ್ಪಿಟ್ಟು ಆರಿಹೋಯ್ತು" ಎಂದು ಹೆಂಡತಿ ಮೂರು ಸಲ ಕೂಗಿ, ನಾಲ್ಕನೇ ಸಲ ಕೂಗದೆ ಹಾಲಿಗೆ ಬಂದು ನಿಂತರು. ಕೊನೆಗೆ ನಿರೂಪಕಿ ಲಾವೆರ್ನ್ ಕಾಕ್ಸ್ ಬಂದು, ಅವತ್ತು ಮೆಟಾಲಿಕಾ ಜೊತೆ ಹಾಡಬೇಕಿದ್ದ ಪಾಪ್ ಗಾಯಕಿ ಲೇಡಿ ಗಾಗಾಳ ಹೆಸರು ಹೇಳಿ ಒಳಗೆ ಹೋದರು. ಮೆಟಾಲಿಕಾದ ಹೆಸರನ್ನೇ ಹೇಳಲಿಲ್ಲ!

"ನೋಡಿದ್ರಾ?" ಎಂದು ಮಾಮ ಎದ್ದು ನಿಂತರು. ಆ ಧ್ವನಿಯಲ್ಲಿ ನೋವಿತ್ತು. ನೋವಿನ ಒಳಗೊಂದು ಹುಮ್ಮಸ್ಸಿತ್ತು.

ವೇದಿಕೆಯ ತುಂಬ ಬೆಂಕಿ. ಹೊಸ ಆಲ್ಬಂನ 'ಮಾತ್ ಇನ್‌ಟು ಫ್ಲೇಮ್' ಶುರುವಾಯಿತು. ಗಿಟಾರು, ಡ್ರಮ್ಸು ಎಲ್ಲ ಸರಿ. ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಮೈಕಿನ ಮುಂದೆ ಬಂದು ಬಾಯಿ ತೆರೆದ. ಏನೂ ಕೇಳಿಸಲಿಲ್ಲ. ಕತ್ತಿನ ನರ ಉಬ್ಬಿದೆ, ಬಾಯಿ ಆಡುತ್ತಿದೆ, ಹಾಡಿಲ್ಲ. ಹಾಡಿನ ಅರ್ಧದವರೆಗೂ ಮೈಕು ಸತ್ತೇ ಇತ್ತು. ಪಾಪ, ಗಾಗಾಳ ಮೈಕಿಗೇ ಹೋಗಿ ಅವಳ ಕೆನ್ನೆಗೆ ಕೆನ್ನೆ ತಾಗಿಸಿಕೊಂಡು ಹಾಡಿದ. ಮೈಕ್ ಸ್ಟ್ಯಾಂಡಿಗೆ ಒದ್ದ. ಎಲ್ಲ ಮುಗಿದ ಮೇಲೆ ಸಿಟ್ಟಿಗೆ ಗಿಟಾರನ್ನೇ ಎಸೆದ.

ಮಾಮ ಮಾತು ಹೊರಡದೆ ನಿಂತಿದ್ದಾಗ, ಹಿಂದಿನ ಕುರ್ಚಿಯಿಂದ ತಂದೆಯವರ ದನಿ ಬಂತು.

"ಲೋ, ಮೈಕ್ ಸೆಟ್ಟಿನವನು ಎಲ್ಲಿ ಹೋಗಿದ್ದಾನೋ? ಕಾಫಿಗಾ?"

"ಅದೇ ಅಣ್ಣ ನಾನೂ ಹೇಳ್ತಿರೋದು!"

"ಹಾಡೋನು ಬಾಯಿ ಬಡ್ಕೋತಾ ಇದ್ದಾನೆ, ಇವನಿಗೆ ಪರಿವೆ ಬೇಡ್ವಾ? ಕೋಟೆ ಮೈದಾನದಲ್ಲೂ ಒಂದ್ಸಲ ಹೀಗೇ. ಪಿಟೀಲಿನವರ ಮೈಕು ಆಫ್. ಮೃದಂಗದ ಮೈಕು ಮಾತ್ರ ಎರಡು ಬೀದಿ ಆಚೆಗೆ ಕೇಳ್ಸೋದು. ನಾನು ಎದ್ದು ಹೋಗಿ ಬೈದು ಬಂದೆ."

"ಬೈದ್ರಾ?"

"ಬೈದೆ. ತಿರುಪತಿ ಕ್ಷೌರ ಮಾಡೋ ಹಾಗೆ ಅರ್ಧಕ್ಕೆ ಬಿಟ್ಟು ಹೋಗ್ತೀಯೇನಯ್ಯಾ ಅಂದೆ."

ಸಂಗೀತ ಮೂವತ್ತು ವರ್ಷಗಳಲ್ಲಿ ಸೇರಿಸಲಾಗದ ತಂದೆ ಮಗನನ್ನು ಕೆಟ್ಟುಹೋದ ಒಂದು ಮೈಕು ನಾಲ್ಕು ನಿಮಿಷದಲ್ಲಿ ಸೇರಿಸಿತು. ಆ ಬೆಳಗ್ಗೆ ತಂದೆಯವರು ಮಗನ ಪಕ್ಕದಲ್ಲೇ ಸೋಫಾದಲ್ಲಿ ಕೂತು ಎರಡನೇ ಕಾಫಿ ಕುಡಿದರು.

ಮಧ್ಯಾಹ್ನ ಮಾಮ ಆಫೀಸಿಗೆ ಹೋದಾಗ ಹುಷಾರಿಲ್ಲದವರ ಹಾಗೆ ಕಾಣುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಅಭಿಯೋಗ ಮಂಡನೆಯಾಯಿತು. ಅಲ್ಲಿ ಇನ್ನೂ ಮೂವರು ಅಭಿಮಾನಿಗಳು. ಮೂವರದೂ ಬೇರೆ ಬೇರೆ ಶಾಖೆ. ಒಬ್ಬರು, ಇದಕ್ಕೆಲ್ಲ ಗಾಗಾಳೇ ಕಾರಣ, ಪಾಪ್ ಹಾಡುವವಳನ್ನು ಕರೆದದ್ದೇ ತಪ್ಪು ಎಂದರು. ಇನ್ನೊಬ್ಬ ಹುಡುಗ, ಆಕೆ ಐರನ್ ಮೇಡನ್ ಎಂಬ ಮೆಟಲ್ ತಂಡದ ಹಳೆಯ ಅಭಿಮಾನಿ, ಇವತ್ತು ಆಕೆಯ ಮೈಕ್ ಇಲ್ಲದಿದ್ದರೆ ನಿಮ್ಮ ಹೆಟ್‌ಫೀಲ್ಡ್ ಮೂಕಾಭಿನಯ ಮಾಡಬೇಕಾಗಿತ್ತು ಎಂದ. ಮೂರನೆಯವರು ಮೆಗಾಡೆತ್ ಪಂಥದವರು. ಅವರ ಕತೆ ಇನ್ನೂ ಘನವಾದದ್ದು.

ಮೆಟಲ್ ಪ್ರಶಸ್ತಿಯನ್ನು ಗ್ರ್ಯಾಮಿಯವರು ಟಿವಿಯ ಮುಖ್ಯ ಕಾರ್ಯಕ್ರಮದಲ್ಲಿ ಕೊಡುವುದಿಲ್ಲ, ಅದಕ್ಕೆ ಮುಂಚೆ ಮಧ್ಯಾಹ್ನವೇ ಬೇರೆ ಸಭೆಯಲ್ಲಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅದೇ ದಿನ ಆ ಪ್ರಶಸ್ತಿ ಎಷ್ಟೋ ನಾಮನಿರ್ದೇಶನಗಳ ನಂತರ ಮೊದಲ ಬಾರಿ ಮೆಗಾಡೆತ್‌ಗೆ ಬಂದಿತ್ತು. ಅದರ ನಾಯಕ ಡೇವ್ ಮಸ್ಟೇನ್, 1983ರಲ್ಲಿ ಮೆಟಾಲಿಕಾದಿಂದ ಹೊರದಬ್ಬಿಸಿಕೊಂಡವನು. ಆ ಕಿಚ್ಚಿನಲ್ಲೇ ತನ್ನ ತಂಡ ಕಟ್ಟಿದವನು. ಪ್ರಶಸ್ತಿ ತೆಗೆದುಕೊಳ್ಳಲು ಅವನು ಮೆಟ್ಟಿಲು ಹತ್ತುವಾಗ ಅಲ್ಲಿನ ವಾದ್ಯವೃಂದ ನುಡಿಸಿದ್ದು ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್'!

ಕ್ಯಾಂಟೀನಿನಲ್ಲಿ ಒಂದು ಕ್ಷಣ ಮೌನ. ಮೆಗಾಡೆತ್‌ನವರ ತಟ್ಟೆಯಲ್ಲಿದ್ದ ಅನ್ಯಾಯ ತಮ್ಮದಕ್ಕಿಂತ ದೊಡ್ಡದೆಂದು ಮಾಮನಿಗೆ ಹೊಳೆಯಿತು. ಅದನ್ನು ಅವರು ಸುಲಭವಾಗಿ ಒಪ್ಪುವವರಲ್ಲ. "ನಿಮಗೆ ಕೊನೇಪಕ್ಷ ಪ್ರಶಸ್ತಿ ಸಿಕ್ತಲ್ಲ. ನಮಗೆ ಧ್ವನೀನೇ ಸಿಗಲಿಲ್ಲ" ಎಂದು ಎದ್ದರು.

ರಾತ್ರಿ ಮನೆಯಲ್ಲಿ ಮರುವಿಚಾರಣೆ. "ಜಾರ್ಜ್ ಮೈಕೇಲನಿಗೆ ಶ್ರದ್ಧಾಂಜಲಿ ಹಾಡುವಾಗ ಅಡೆಲ್ ತಪ್ಪಿದಳು. ನಿಲ್ಲಿಸಿ, ಕ್ಷಮಿಸಿ ಅಂತ ಹೇಳಿ ಮೊದಲಿಂದ ಹಾಡಿದಳು. ಅವಳಿಗೆ ಮೊದಲಿಂದ, ನಮಗೆ ಅರ್ಧದಿಂದ! ಇದು ಯಾವ ನ್ಯಾಯ?"

"ಹೋದ ವರ್ಷ ಅಡೆಲ್ ಹಾಡುವಾಗ ಪಿಯಾನೋ ಒಳಗಿನ ಮೈಕು ತಂತಿಗಳ ಮೇಲೆ ಬಿದ್ದು ಅಪಸ್ವರ ಬಂತಲ್ಲಪ್ಪ, ಅವಳು ಪೂರ್ತಿ ಹಾಗೇ ಹಾಡಿದಳು. ಆಮೇಲೆ ಅತ್ತಳಂತೆ" ಎಂದಳು ಮಗಳು.

ಈ ಸಾಕ್ಷ್ಯ ಮಾಮನ ನೆನಪಿನಲ್ಲಿರಲಿಲ್ಲ. ಗ್ರ್ಯಾಮಿಯವರು ಮೆಟಲ್ ದ್ವೇಷಿಗಳೆಂದು ವಾದಿಸುತ್ತಿದ್ದವರಿಗೆ, ಅವರ ಮೈಕುಗಳು ಜಾತಿ ಮತ ನೋಡದೆ ಕೈಕೊಡುತ್ತವೆ ಎಂಬುದು ಹಿತವಾದ ಸುದ್ದಿಯಲ್ಲ. "ಅದು ಆಕಸ್ಮಿಕ, ಇದು ಸಂಚು" ಎಂದು ಕಲಾಪ ಮುಂದೂಡಿದರು.

ಇಷ್ಟು ಓದಿ, ಮಾಮ ತಮ್ಮ ತಂಡವನ್ನು ಕಣ್ಣಾರೆ ಕಂಡಿಲ್ಲವೆಂದು ತಿಳಿಯಬೇಡಿ. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೇ ಬಂದಿತ್ತು. ಎರಡು ದಿನ ಮುಂಚೆ ಗುರುಗ್ರಾಮದಲ್ಲಿ ಜನ ತಡೆಬೇಲಿ ಮುರಿದು ಕಾರ್ಯಕ್ರಮ ರದ್ದಾಗಿತ್ತು. ಹಾಗಾಗಿ ದೇಶದ ಅಷ್ಟೂ ಕಪ್ಪು ಟಿ-ಶರ್ಟುಗಳ ಕಣ್ಣು ನಮ್ಮೂರಿನ ಮೇಲಿತ್ತು. ಅವತ್ತು ಮೈಕು ಕೆಲಸ ಮಾಡಿತು. ಗಿಟಾರು, ಡ್ರಮ್ಮು, ಗಂಟಲು ಎಲ್ಲವೂ ಕೇಳಿಸಿತು. ಆ ಸಂಜೆಯ ಬಗ್ಗೆ ಮಾಮನನ್ನು ಕೇಳಿ ನೋಡಿ. "ಸಕ್ಕತ್ತಾಗಿತ್ತು" ಎನ್ನುತ್ತಾರೆ. ಸಂಗೀತದ ವರದಿ ಅಷ್ಟಕ್ಕೇ ಮುಗಿಯಿತು. ಮುಂದಿನ ಮುಕ್ಕಾಲು ಗಂಟೆ ಮೈದಾನದ ಕೆಸರಿನದು: ಎಲ್ಲಿ ಕಾಲು ಹೂತಿತು, ಯಾರ ಶೂ ಯಾರ ಕಾಲಿಗೆ ಹೋಯಿತು, ನೀರಿನ ಬಾಟಲಿಗೆ ಎಷ್ಟು ಕಿತ್ತುಕೊಂಡರು, ಮೇಖ್ರಿ ಸರ್ಕಲ್ಲಿನವರೆಗೆ ಆಟೋದವರು ಹೇಗೆ ಮುಖ ತಿರುಗಿಸಿದರು. ಆ ಕೆಸರಿನ ಶೂಗಳು ಇವತ್ತಿಗೂ ತೊಳೆಸಿಕೊಳ್ಳದೆ ಅಟ್ಟದ ಮೇಲಿವೆ. ಹೆಂಡತಿ ಒಮ್ಮೆ ಅವನ್ನು ಹಳೆಪೇಪರಿನವನಿಗೆ ಕೊಟ್ಟಾಗ ಮಾಮ ಬರಿಗಾಲಲ್ಲಿ ಬೀದಿಯ ಕೊನೆಯವರೆಗೆ ಓಡಿ ಬಿಡಿಸಿಕೊಂಡು ಬಂದಿದ್ದರು.

ಅಂಥ ಮನುಷ್ಯನ ಮೇಲೆ, ಗ್ರ್ಯಾಮಿ ಮುಗಿದ ಕೆಲವೇ ದಿನಗಳಲ್ಲಿ, ಸ್ವತಃ ಮೆಟಾಲಿಕಾದವರೇ ಒಂದು ಪೆಟ್ಟು ಕೊಟ್ಟರು. ಕಾರ್ಯಕ್ರಮಕ್ಕೆ ಮುಂಚೆ ಅದೇ ವೇದಿಕೆಯಲ್ಲಿ ಗಾಗಾ ಜೊತೆ ನಡೆಸಿದ್ದ ರಿಹರ್ಸಲ್ಲಿನ ವಿಡಿಯೋ ಬಿಡುಗಡೆ ಮಾಡಿದರು. ಅದೇ ಹಾಡು, ಅದೇ ಬೆಂಕಿ, ಮೈಕು ಮಾತ್ರ ಗಟ್ಟಿಮುಟ್ಟು. ಮಗಳು ಖುಷಿಯಿಂದ ಅದನ್ನು ಟಿವಿಗೆ ಹಾಕಿ, ಅಪ್ಪನನ್ನೂ ತಾತನನ್ನೂ ಕರೆದು ಕೂರಿಸಿದಳು.

ಹೆಟ್‌ಫೀಲ್ಡ್ ಬಾಯಿ ತೆರೆದ, ಹಾಡು ಕೇಳಿಸಿತು. ಕೊನೆಯವರೆಗೂ ಕೇಳಿಸುತ್ತಲೇ ಇತ್ತು. ಸೋಫಾದಲ್ಲಿದ್ದ ಇಬ್ಬರೂ ಕೈಕಟ್ಟಿ ಕೂತಿದ್ದರು.

"ಎಷ್ಟು ಚೆನ್ನಾಗಿದೆ ಅಲ್ವಾಪ್ಪಾ?"

"ಹೂಂ. ಚೆನ್ನಾಗಿದೆ."

"ಮತ್ತೆ ಯಾಕೆ ಹಾಗಿದೀರಿ?"

ಮಾಮ ತಂದೆಯ ಮುಖ ನೋಡಿದರು. ತಂದೆಯವರು ಗಂಟಲು ಸರಿಮಾಡಿಕೊಂಡರು.

"ಪುಟ್ಟೀ, ಇದರಲ್ಲಿ ಮಾತಾಡೋಕೆ ಏನಿದೆಯಮ್ಮಾ? ತೆಗಿ ಇದನ್ನ. ಮೈಕ್ ಕೆಟ್ಟಿತ್ತಲ್ಲ, ಅದನ್ನ ಹಾಕು."