ದೋಷ ನೋಡಿ ಕಾರು ಕೊಳ್ಳಿ

ಎರಡೇ ಸೀಟಿನ ಕಾರು ಕೊಳ್ಳಲೇಬೇಕೆಂದು ಹಟ ಹಿಡಿದವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಬುದ್ಧಿ ನಾಟುವ ಘಟ್ಟವನ್ನು ಅವರು ಆಗಲೇ ದಾಟಿರುತ್ತಾರೆ. ವಿಚಿತ್ರವೆಂದರೆ, ಕೊಳ್ಳಲೋ ಬೇಡವೋ ಎಂದು ಒಬ್ಬರನ್ನೂ ಕೇಳದವರು, ಯಾವುದನ್ನು ಕೊಳ್ಳಲಿ ಎಂದು ಮಾತ್ರ ಊರನ್ನೆಲ್ಲ ಕೇಳುತ್ತಾರೆ. ಅಮೆರಿಕದಲ್ಲಿ ಈ ಪ್ರಶ್ನೆ ಏಳುವುದು ಸಾಮಾನ್ಯವಾಗಿ ಮನೆ ಸಾಲ ತೀರಿ, ಮಕ್ಕಳು ಕಾಲೇಜು ಮುಗಿಸಿ, ಮೊಣಕಾಲು ಕಟಕಟ ಅನ್ನಲು ಶುರುವಾಗುವ ವಯಸ್ಸಿನಲ್ಲಿ. ನೆಲಕ್ಕೆ ಅಂಟಿದಂತಿರುವ ಕಾರಿನೊಳಗೆ ಕುಸಿಯುವುದು ಸುಲಭ, ಅದರಿಂದ ಮೇಲೇಳುವುದು ಕಷ್ಟ ಎನ್ನುವ ಪ್ರಾಯದಲ್ಲೇ ಅದನ್ನು ಕೊಳ್ಳುವಷ್ಟು ದುಡ್ಡೂ ಕೂಡಿಬರುವುದು ವಿಧಿಯ ತಮಾಷೆ. ಕಣದಲ್ಲಿ ಹೆಸರುಗಳು ಬೇಕಾದಷ್ಟಿದ್ದರೂ ಹಳೆಯ ಜಗಳ ಎರಡರದು. ಒಂದು, ಜರ್ಮನಿಯ ಮರ್ಸಿಡಿಸ್-ಬೆಂಜ್ ಎಸ್‌ಎಲ್, ಶ್ರೀಮಂತರ ರೋಡ್‌ಸ್ಟರ್. ಇನ್ನೊಂದು, ಷೆವರ್ಲೆ ಕಾರ್ವೆಟ್, ಅಮೆರಿಕದ ಮನೆಮಗ. ಕಾರ್ವೆಟ್ ಮೊದಲು ಜನರ ಕಣ್ಣಿಗೆ ಬಿದ್ದದ್ದು 1953ರ ಜನವರಿಯಲ್ಲಿ, ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ. ಮರುವರ್ಷದ ಫೆಬ್ರವರಿಯಲ್ಲಿ 300 ಎಸ್‌ಎಲ್ ಕೂಡ ಮೊದಲು ಮುಖ ತೋರಿಸಿದ್ದು ಅದೇ ನ್ಯೂಯಾರ್ಕಿನಲ್ಲಿ. ಅಮೆರಿಕದಲ್ಲಿ ಇಂಥದ್ದನ್ನು ಕೊಳ್ಳುವವರಿದ್ದಾರೆ ಎಂದು ಜರ್ಮನರ ಬೆನ್ನುಬಿದ್ದು ಒಪ್ಪಿಸಿದವನು ಮ್ಯಾಕ್ಸ್ ಹಾಫ್‌ಮನ್ ಎಂಬ ಆಮದು ವ್ಯಾಪಾರಿ. ಅಂದಮೇಲೆ ಇಬ್ಬರೂ ಒಂದೇ ಊರಿನಲ್ಲಿ ಕಣ್ಣುಬಿಟ್ಟ ದಾಯಾದಿಗಳು.

ಇವೆರಡರ ನಡುವೆ ಆರಿಸಲು ಜನ ಮಾಡುವ ಮೊದಲ ಕೆಲಸ, ಗುಣಗಳ ಪಟ್ಟಿ ಬರೆಯುವುದು. ವೇಗ ಎಷ್ಟು, ಅಂದ ಎಂಥದ್ದು, ಹೆಸರು ಎಷ್ಟು ದೊಡ್ಡದು ಎಂದು ಎರಡು ಕಾಲಂ ಎಳೆದು ಅಂಕ ಹಾಕುತ್ತಾರೆ. ಕೊನೆಗೆ ಎರಡೂ ಸಮಸಮವಾಗಿ, ಮೊದಲು ಎಲ್ಲಿದ್ದರೋ ಅಲ್ಲಿಗೇ ಬಂದು ನಿಲ್ಲುತ್ತಾರೆ. ನನ್ನ ವಾದ ಇಷ್ಟೇ: ಕಾರನ್ನು ಮೆಚ್ಚುವುದಕ್ಕೆ ಗುಣ ಸಾಕು, ಆರಿಸುವುದಕ್ಕೆ ದೋಷವೇ ಬೇಕು. ಗುಣಗಳು ನಮಗೆ ಸಿಗುವುದು ಭಾನುವಾರ ಬೆಳಿಗ್ಗೆ, ರಸ್ತೆ ಖಾಲಿಯಿದ್ದು ಬಿಸಿಲು ಹಿತವಾಗಿದ್ದಾಗ. ದೋಷಗಳಿಗೆ ವಾರದ ರಜೆಯಿಲ್ಲ. ಗಂಡು ನೋಡಲು ಹೋದಾಗ ಅವರ ಕಡೆಯವರು ಸಂಬಳ ಹೇಳುತ್ತಾರೆ, ಗೊರಕೆಯ ವಿಷಯ ಎತ್ತುವುದಿಲ್ಲ. ಆಮೇಲೆ ಸಂಸಾರ ನಡೆಯುವುದು ಗೊರಕೆಯ ಜೊತೆಗೇ. ಆದ್ದರಿಂದ ಯಾವ ಕಾರಿನ ಗುಣ ದೊಡ್ಡದು ಎಂದು ತೂಗುವುದನ್ನು ಬಿಟ್ಟು, ಯಾವ ಕಾರಿನ ದೋಷ ನಮ್ಮ ಸ್ವಭಾವಕ್ಕೆ ಒಗ್ಗುತ್ತದೆ ಎಂದು ನೋಡಿದರೆ ಪ್ರಶ್ನೆ ಅರ್ಧ ಗಂಟೆಯಲ್ಲಿ ಬಗೆಹರಿಯುತ್ತದೆ.

ಮಾತಿಗೆ ಪುರಾವೆ ಬೇಕಲ್ಲ; ಒಂದೇ ವರ್ಷದ ಜೋಡಿಯನ್ನು ಎದುರು ನಿಲ್ಲಿಸೋಣ. 1963ರ ಮಾದರಿಯಾಗಿ ಬಂದ ಕಾರ್ವೆಟ್ ಸ್ಟಿಂಗ್ ರೇ ಒಂದು, ಅದೇ ವರ್ಷದ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಪರದೆ ಸರಿಸಿದ 230 ಎಸ್‌ಎಲ್ ಇನ್ನೊಂದು. ಸ್ಟಿಂಗ್ ರೇ ಬಾನೆಟ್ಟಿನ ಕೆಳಗಿದ್ದದ್ದು 5.4 ಲೀಟರಿನ ವಿ8 ಎಂಜಿನ್. 250ರಿಂದ 360 ಅಶ್ವಶಕ್ತಿಯವರೆಗೆ ಗಿರಾಕಿಯ ಜೇಬಿಗೆ ತಕ್ಕಂತೆ ಸಿಗುತ್ತಿತ್ತು. 230 ಎಸ್‌ಎಲ್‌ನದು ಅದರ ಅರ್ಧಕ್ಕಿಂತ ಚಿಕ್ಕದಾದ 2.3 ಲೀಟರಿನ ಆರು ಸಿಲಿಂಡರು, 150 ಅಶ್ವಶಕ್ತಿ. ಇಲ್ಲಿಗೇ ತೀರ್ಪು ಕೊಟ್ಟು ಎದ್ದುಬಿಡುವವರಿದ್ದಾರೆ. ಸ್ವಲ್ಪ ತಾಳಿ. ಆ ಕಾಲದಲ್ಲಿ ಅಮೆರಿಕದ ಕಂಪನಿಗಳು ಅಶ್ವಶಕ್ತಿ ಅಳೆಯುತ್ತಿದ್ದದ್ದು ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಸೈಲೆನ್ಸರು ಮುಂತಾದ ಭಾರಗಳನ್ನೆಲ್ಲ ಕಳಚಿ. 1972ರಲ್ಲಿ, ಕಾರಿನಲ್ಲಿ ಹೇಗಿರುತ್ತದೋ ಹಾಗೇ ಕೂರಿಸಿ ಅಳೆಯುವ ಪದ್ಧತಿ ಬಂತು. ಹಿಂದಿನ ವರ್ಷ 270 ಎಂದು ಬರೆದುಕೊಂಡಿದ್ದ ಕಾರ್ವೆಟ್‌ನ ಸಾಮಾನ್ಯ ಎಂಜಿನ್ ಆ ವರ್ಷ 200ಕ್ಕೆ ಇಳಿಯಿತು. ಲಾಯದಲ್ಲಿ ಕಳ್ಳತನವಾಗಿರಲಿಲ್ಲ, ಎಪ್ಪತ್ತು ಕುದುರೆಗಳು ಕಾಗದದ ಮೇಲಿಂದ ಇಳಿದುಹೋದವು, ಅಷ್ಟೆ. ಜರ್ಮನರ ಕಡೆಯದೂ ಒಂದು ಕಥೆಯಿದೆ. ಮರ್ಸಿಡಿಸ್‌ನ ಹಿರಿಯ ಎಂಜಿನಿಯರ್ ರುಡಾಲ್ಫ್ ಉಲೆನ್‌ಹೌಟ್ ತಾನೇ ಚಕ್ರ ಹಿಡಿದು, ಜಿನೀವಾ ಬಳಿಯ ಆನೆಮಾಸ್ ಟ್ರ್ಯಾಕಿನ ಒಂದು ಸುತ್ತನ್ನು ಈ 230 ಎಸ್‌ಎಲ್‌ನಲ್ಲಿ 47.5 ಸೆಕೆಂಡಿನಲ್ಲಿ ಮುಗಿಸಿದ. ಹನ್ನೆರಡು ಸಿಲಿಂಡರಿನ ಫೆರಾರಿಯಲ್ಲಿ ರೇಸ್ ಚಾಲಕ ಮೈಕ್ ಪಾರ್ಕ್ಸ್ ತೆಗೆದುಕೊಂಡದ್ದು 47.3 ಸೆಕೆಂಡು. ನಿಬ್ಬೆರಗಾಗುವ ಲೆಕ್ಕವೇ ಸರಿ. ಆದರೆ ಕಾರಿನ ಜೊತೆಗೆ ಉಲೆನ್‌ಹೌಟ್‌ನನ್ನೂ ಕೊಡುವುದಾಗಿ ಕಂಪನಿ ಎಲ್ಲೂ ಹೇಳಿರಲಿಲ್ಲ. ಗುಣದ ಅಂಕಿಗಳು ಹೀಗೆ ಅಳೆಯುವವನ ಕೈಲಿ, ಓಡಿಸುವವನ ಕಾಲಲ್ಲಿ ಹಿಗ್ಗುತ್ತವೆ, ಕುಗ್ಗುತ್ತವೆ. ದೋಷಗಳು ಮಾತ್ರ ಸತ್ಯಸಂಧರು.

ಸ್ಟಿಂಗ್ ರೇಯ ದೋಷಗಳನ್ನು ಹತ್ತಿರದಿಂದ ನೋಡಿ. ಅದಕ್ಕೆ ಡಿಕ್ಕಿಯ ಬಾಗಿಲಿಲ್ಲ. ಹಿಂದೆ ಸಾಮಾನಿಡುವ ಜಾಗವೇನೋ ಇದೆ, ಆದರೆ ಅಲ್ಲಿಗೆ ದಾರಿ ಒಳಗಿನಿಂದ; ಸೀಟಿನ ಬೆನ್ನನ್ನು ಮುಂದಕ್ಕೆ ಮಡಚಿ, ಮೊಣಕೈವರೆಗೆ ತೂರಿಸಿ, ಸೂಟ್‌ಕೇಸನ್ನು ಬಿಲದೊಳಕ್ಕೆ ತಳ್ಳಬೇಕು. ತಳ್ಳುವುದು ಪರವಾಗಿಲ್ಲ, ಎಳೆಯುವಾಗ ಸೊಂಟದ ನೆನಪಾಗುತ್ತದೆ. ಬಟ್ಟೆ ಟಾಪಿನ ಕಾರ್ವೆಟ್‌ಗೆ ಡಿಕ್ಕಿಯ ಬಾಗಿಲು ಮತ್ತೆ ಬಂದದ್ದು 1998ರಲ್ಲಿ. ಅಷ್ಟರಲ್ಲಿ ಮನುಷ್ಯ ಚಂದ್ರನ ಮೇಲೆ ನಡೆದು ವಾಪಸಾಗಿ ಮೂರು ದಶಕ ಹತ್ತಿರವಾಗಿತ್ತು. ಬಾನೆಟ್ಟಿನ ಮೇಲೆ ಎರಡು ಗಾಳಿಕಿಂಡಿಗಳಿವೆ, ಗಾಳಿ ಹೋಗುವುದಿಲ್ಲ. ಅವು ಬರೀ ಅಲಂಕಾರ. ಡ್ಯಾಶ್‌ಬೋರ್ಡಿನಲ್ಲಿ ಅಡ್ಡಕ್ಕೆ ಜಾಗ ಸಾಲದೆ ರೇಡಿಯೋವನ್ನು ನೆಟ್ಟಗೆ ನಿಲ್ಲಿಸಿದ್ದಾರೆ. ಸ್ಟೇಷನ್ ಹುಡುಕುವ ಮುಳ್ಳು ಥರ್ಮಾಮೀಟರಿನ ಪಾದರಸದ ಹಾಗೆ ಮೇಲೆ ಕೆಳಗೆ ಓಡುತ್ತದೆ. ಇಷ್ಟೆಲ್ಲ ಶಕ್ತಿಯನ್ನು ತಡೆದು ನಿಲ್ಲಿಸಲು ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಡಿಸ್ಕ್ ಬರಲು 1965 ಆಗಬೇಕಾಯಿತು. ಓಡುವುದು ಮೊದಲು ಕಲಿತು ನಿಲ್ಲುವುದನ್ನು ಎರಡು ವರ್ಷ ಬಿಟ್ಟು ಕಲಿತ ಕಾರು ಇದು. ಫೈಬರ್‌ಗ್ಲಾಸ್ ಮೈ, ತುಕ್ಕು ಹಿಡಿಯುವುದೇ ಇಲ್ಲ ಎಂದು ಮಾರುವವರು ಎದೆ ತಟ್ಟಿ ಹೇಳುತ್ತಾರೆ. ಮೈಗೆ ಹಿಡಿಯುವುದಿಲ್ಲ, ನಿಜ. ಆ ಮೈಯ ಒಳಗೆ, ಮುಂದಿನ ಗಾಜಿನ ಸುತ್ತ ನಿಂತಿರುವ ಉಕ್ಕಿನ ಚೌಕಟ್ಟಿಗೆ ಹಿಡಿಯುತ್ತದೆ. ಅದಕ್ಕೆ ಅಲ್ಲಿಯವರು ಹಕ್ಕಿಯ ಪಂಜರ ಎನ್ನುತ್ತಾರೆ. ಪಂಜರ ಪುಡಿಯಾಗುತ್ತಿದ್ದರೂ ಹೊರಗಿನ ಹಕ್ಕಿ ಥಳಥಳ ಹೊಳೆಯುತ್ತಲೇ ಇರುತ್ತದೆ.

230 ಎಸ್‌ಎಲ್‌ನ ದೋಷಗಳದು ಸಭ್ಯ ಕುಲ. ಗದ್ದಲವಿಲ್ಲ, ಗಲಾಟೆಯಿಲ್ಲ, ಎಲ್ಲವೂ ಬಿಲ್ಲಿನ ರೂಪದಲ್ಲಿ ಬರುತ್ತವೆ. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಬಾಷ್ ಕಂಪನಿಯ ಪಂಪು ಗಡಿಯಾರದಷ್ಟು ಸೂಕ್ಷ್ಮವಾದ ಯಂತ್ರ. ಸರಿಯಿದ್ದಾಗ ಸಂಗೀತ, ಕೆಟ್ಟಾಗ ಅದನ್ನು ಬಲ್ಲ ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಬೇರೆ ರಾಜ್ಯಕ್ಕೆ ಕಳಿಸಿ ಕಾಯಬೇಕಾದೀತು. ಗಟ್ಟಿ ಟಾಪನ್ನು ತೆಗೆದಿಡಲು ಇಬ್ಬರು ಬೇಕು. ಆಕಾಶ ನೋಡಬೇಕೆನಿಸಿದಾಗ ನೆರೆಮನೆಯವರ ಬಾಗಿಲು ತಟ್ಟಬೇಕು. ಮಳೆ ಬರುವ ಹಾಗಿದ್ದರೆ ಇನ್ನೊಮ್ಮೆ ತಟ್ಟಬೇಕು. ತೆಗೆದ ಟಾಪನ್ನು ಇಡುವುದೆಲ್ಲಿ ಎಂಬುದು ಬೇರೆಯೇ ಸಮಸ್ಯೆ. ಅದಕ್ಕೆಂದೇ ಗ್ಯಾರೇಜಿನ ಸೂರಿಗೆ ರಾಟೆ ಕಟ್ಟಿಸುವವರಿದ್ದಾರೆ. ಬಾಗಿಲು, ಬಾನೆಟ್ಟು, ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಮ್ಮಿನವು. ಕಾಲಿಡುವ ನೆಲ ಮಾತ್ರ ಉಕ್ಕಿನದು, ತುಕ್ಕಿಗೆ ಅದೇ ಇಷ್ಟ. ಬಿಡಿಭಾಗ ಸಿಗುವುದಿಲ್ಲ ಎಂದು ದೂರುವ ಹಾಗಿಲ್ಲ: ಹಳೆಯ ಕಾರುಗಳಿಗೆಂದೇ ಕಂಪನಿಯ ವಿಭಾಗವಿದೆ, ಕ್ಯಾಲಿಫೋರ್ನಿಯಾದಲ್ಲೂ ಅದರ ಕೇಂದ್ರವಿದೆ. ಬೆಲೆ ಕೇಳಿದಮೇಲೆ, ಸಿಗದಿದ್ದರೇ ವಾಸಿಯಿತ್ತು ಅನ್ನಿಸಬಹುದು, ಅಷ್ಟೆ.

ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಇನ್ನು ಮುಂದಿದೆ. 1963ರ ಸ್ಟಿಂಗ್ ರೇ ಕೂಪೆಯ ಹಿಂದಿನ ಗಾಜಿನ ನಟ್ಟನಡುವೆ ಒಂದು ಪಟ್ಟಿ ಇಳಿದು ಗಾಜನ್ನು ಎರಡು ಹೋಳು ಮಾಡುತ್ತದೆ. ವಿನ್ಯಾಸದ ಮುಖ್ಯಸ್ಥ ಬಿಲ್ ಮಿಚೆಲ್‌ಗೆ ಅದು ಪ್ರಾಣ. ಎಂಜಿನಿಯರ್ ಜೋರಾ ಅರ್ಕಸ್-ಡಂಟೋವ್‌ಗೆ ಅದು ಕಣ್ಣಿಗೆ ಅಡ್ಡ. ಹಿಂದೆ ಬರುವವನು ಕಾಣದ ಮೇಲೆ ಕನ್ನಡಿ ಯಾಕೆ ಎಂಬುದು ಅವನ ತಕರಾರು. ಆ ವರ್ಷ ಮಿಚೆಲ್ ಗೆದ್ದ, ಮರುವರ್ಷ ಡಂಟೋವ್ ಗೆದ್ದ. 1964ರಿಂದ ಒಂದೇ ಗಾಜು. ಹಳೆಯದನ್ನು ಕೊಂಡಿದ್ದ ಕೆಲವರು ತಾವು ಹಿಂದುಳಿದೆವೆಂದು ಪಟ್ಟಿಯನ್ನು ಕೊಯ್ಯಿಸಿ ಹೊಸ ಗಾಜು ಹಾಕಿಸಿಕೊಂಡರು. ಇವತ್ತು ಆ ಪಟ್ಟಿ ಇರುವ ಕೂಪೆಯ ಬೆಲೆ ಲಕ್ಷ ಡಾಲರ್ ದಾಟುವುದು ಮಾಮೂಲು. ಕೊಯ್ಯಿಸಿದವರ ವಾರಸುದಾರರು ಮತ್ತೆ ಪಟ್ಟಿ ಕೂರಿಸುವವರನ್ನು ಹುಡುಕುತ್ತಾರೆ. ಅತ್ತ 230 ಎಸ್‌ಎಲ್‌ನ ಟಾಪು ಅಂಚುಗಳಲ್ಲಿ ಎತ್ತರ, ನಡುವೆ ತಗ್ಗು. ಕಿಟಕಿ ಎತ್ತರವಾಗಲಿ, ಹತ್ತಿ ಇಳಿಯುವಾಗ ತಲೆ ತಗುಲದಿರಲಿ ಎಂಬ ಲೆಕ್ಕ ಅದರ ಹಿಂದಿದ್ದರೂ, ಟಾಪು ತಗ್ಗಿದ ಕಾರನ್ನು ಕಂಡು ಹುಬ್ಬೇರಿಸಿದವರಿದ್ದರು. ಪಗೋಡ ಎಂಬ ಅಡ್ಡಹೆಸರು ಅಂಟಿದ್ದು ಆ ತಗ್ಗಿನಿಂದಲೇ. ಈಗ ಅಭಿಮಾನಿಗಳು 230 ಎಂಬ ಅಂಕಿಯನ್ನೇ ಬಿಟ್ಟು ಪಗೋಡ ಎಂದೇ ಕರೆಯುತ್ತಾರೆ. ಅಂದರೆ ಅರವತ್ತು ವರ್ಷಗಳ ನಂತರ ಎರಡೂ ಕಾರುಗಳ ಗುರುತಾಗಿ ಉಳಿದಿರುವುದು ಅಂದು ಮೂಗು ಮುರಿಸಿಕೊಂಡ ಅಂಗಗಳು. ಅಶ್ವಶಕ್ತಿ ಕರಗಿತು, ದೋಷ ಉಳಿಯಿತು.

ಇದಕ್ಕೆ ಆಕ್ಷೇಪಗಳು ಏಳದೆ ಇರುವುದಿಲ್ಲ. ಮೊದಲನೆಯದು ವಿವೇಕಿಗಳದು: ದೋಷವೇ ಮುಖ್ಯವಾದರೆ ದೋಷವಿಲ್ಲದ ಕಾರನ್ನೇ ಕೊಳ್ಳಬಾರದೇಕೆ? ಟೊಯೋಟಾ ಕ್ಯಾಮ್ರಿಗೆ ಇತ್ತೀಚಿನವರೆಗೂ ಸಿಗುತ್ತಿದ್ದ ವಿ6 ಎಂಜಿನ್ 301 ಅಶ್ವಶಕ್ತಿಯದು. ಐದು ಜನರನ್ನು ಕೂರಿಸಿಕೊಂಡು, ಡಿಕ್ಕಿ ತುಂಬ ಅಕ್ಕಿಮೂಟೆ ಹೇರಿಕೊಂಡೂ ಅದು ಪಗೋಡವನ್ನು ಹಿಂದೆ ಹಾಕೀತು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗಂತೂ ಈ ಆಕ್ಷೇಪ ಇನ್ನೂ ಹರಿತ: ಊರಿನಿಂದ ಅತ್ತೆ ಮಾವ ನಾಲ್ಕು ದೊಡ್ಡ ಸೂಟ್‌ಕೇಸಿನೊಂದಿಗೆ ಏರ್‌ಪೋರ್ಟಿನಲ್ಲಿ ಇಳಿದಾಗ ಸ್ಟಿಂಗ್ ರೇ ತೆಗೆದುಕೊಂಡು ಹೋದವನ ಗತಿಯನ್ನು ವಿವರಿಸಬೇಕಿಲ್ಲ. ಒಪ್ಪಿದೆ. ಆದರೆ ದೋಷವಿಲ್ಲದ ಕಾರಿನ ಬಗ್ಗೆ ಮಾತಾಡಲು ಏನೂ ಇರುವುದಿಲ್ಲ. ಕ್ಯಾಮ್ರಿಯ ಮಾಲೀಕರು ಒಂದೆಡೆ ಸೇರಿದರೆ ಎರಡನೇ ನಿಮಿಷಕ್ಕೆ ಮಾತು ಹವಾಮಾನಕ್ಕೆ ಹೊರಳುತ್ತದೆ. ಅಲ್ಲದೆ ಎರಡು ಸೀಟಿನ ಕಾರಿಗೆ ಹೊರಟವನು ಸಾಗಣೆಗೆ ವಾಹನ ಹುಡುಕುತ್ತಿಲ್ಲ. ಅದು ಮನೆಯಲ್ಲಿ ಆಗಲೇ ಇದೆ.

ಎರಡನೆಯದು ಲೆಕ್ಕಿಗರ ಆಕ್ಷೇಪ: ಇದು ಹೂಡಿಕೆ, ಬೆಲೆ ಏರುವುದನ್ನು ಕೊಳ್ಳಿ. 1963ರಲ್ಲಿ ಸ್ಟಿಂಗ್ ರೇ ಕೂಪೆಯ ಬೆಲೆ 4,252 ಡಾಲರ್. ಈಗಿನದರ ಪಕ್ಕ ಇಟ್ಟರೆ ಯಾರಿಗಾದರೂ ಬಾಯಲ್ಲಿ ನೀರೂರೀತು. ಆದರೆ ಹೂಡಿಕೆಯ ಕಾರನ್ನು ಓಡಿಸಿದರೆ ಬೆಲೆ ಇಳಿಯುತ್ತದೆ, ಓಡಿಸದಿದ್ದರೆ ಅದು ನಾಲ್ಕು ಚಕ್ರದ ಠೇವಣಿ. ವಿಮೆ, ಟೈರು, ಗ್ಯಾರೇಜು ಎಂದು ವರ್ಷವರ್ಷ ನಾವೇ ಬಡ್ಡಿ ಕಟ್ಟುವ ಠೇವಣಿ. ಬೆಲೆಯೇ ಗುರಿಯಾದಾಗಲೂ ಮಾರುಕಟ್ಟೆ ಯಾವ ಕುಂದನ್ನು ಮುಂದೆ ಮೆಚ್ಚೀತು ಎಂದು ಊಹಿಸಲಾಗದು ಎಂಬುದಕ್ಕೆ ಪಟ್ಟಿ ಕೊಯ್ಯಿಸಿದವರೇ ಸಾಕ್ಷಿ. ಮೂರನೆಯದು ರಿಪೇರಿಯವರದು: ಡ್ರಮ್ ತೆಗೆದು ಡಿಸ್ಕ್ ಹಾಕಿಸಿ, ಹಳೆಯ ಎಂಜಿನ್ ಇಳಿಸಿ ಹೊಸದು ಕೂರಿಸಿ, ದೋಷವೇ ಉಳಿಯುವುದಿಲ್ಲ. ಹಾಗೆ ಮಾಡಿಸುವವರಿದ್ದಾರೆ, ಆಗ ಸಿಗುವುದು ಹಳೆಯ ಅಂಗಿ ತೊಟ್ಟ ಹೊಸ ಕಾರು. ಇತ್ತ ಕಾರ್ವೆಟ್ ಲೋಕದ ಪಂಡಿತರೋ, ಎಂಜಿನ್ನಿನ ಮುಂಭಾಗದಲ್ಲಿ ಕೊರೆದಿರುವ ಸಂಖ್ಯೆ ಕಾರಿನ ಸಂಖ್ಯೆಗೆ ಹೊಂದುತ್ತದೆಯೇ ಎಂದು ಟಾರ್ಚು ಹಿಡಿದು ಬಗ್ಗಿ ಓದುತ್ತಾರೆ. ಹೊಂದದಿದ್ದರೆ ಮುಖ ಸಣ್ಣದಾಗುತ್ತದೆ, ಬೆಲೆಯೂ. ಕಾರ್ಖಾನೆಯಿಂದ ಬಂದ ಹಾಗೇ ಇರುವುದೇ ಆ ಲೋಕದಲ್ಲಿ ಪರಮ ಧರ್ಮ. ಕುಂದು ತಿದ್ದಿದವನಿಗೆ ಅಲ್ಲಿ ಅಂಕ ಕಳೆಯುತ್ತಾರೆ.

ಹಾಗಾದರೆ ಯಾರಿಗೆ ಯಾವುದು? ಕಾಯುವ ಸಹನೆಯಿದ್ದು, ನೆರವು ಕೇಳಲು ನಾಚಿಕೆಯಿಲ್ಲದೆ, ಬಿಲ್ಲು ನೋಡಿದರೂ ದನಿ ಏರಿಸದವರಿಗೆ ಪಗೋಡ. ಗದ್ದಲ ಸಹಿಸಬಲ್ಲವರಿಗೆ, ಒಂದೇ ಒಂದು ಬ್ಯಾಗಿನಲ್ಲಿ ಪ್ರಯಾಣ ಮುಗಿಸುವವರಿಗೆ, ಮುಂದಿನ ಕಾರಿನಿಂದ ಮಾರುದೂರ ಇರುವ ಶಿಸ್ತುಳ್ಳವರಿಗೆ ಸ್ಟಿಂಗ್ ರೇ. ನನ್ನ ಓಟು ಎರಡನೆಯದಕ್ಕೆ, ಅದರಲ್ಲೂ ಬಟ್ಟೆ ಟಾಪಿನದಕ್ಕೆ. ಆ ವಿ8 ಎಂಜಿನ್ನಿನ ವಂಶ 1955ರಿಂದ ಅಮೆರಿಕದ ರಸ್ತೆಗಳಲ್ಲಿದೆ. ಹಳ್ಳಿಯ ಗ್ಯಾರೇಜಿನವನಿಗೂ ಅದರ ನಾಡಿ ಗೊತ್ತು. ಹಕ್ಕಿಯ ಪಂಜರದ ವಿಷಯದಲ್ಲಿ ಈ ಕಾರು ಸುಳ್ಳು ಹೇಳುತ್ತದೆ ಎಂಬುದು ನಿಜವಾದರೂ, ಆ ಸುಳ್ಳು ಜಗಜ್ಜಾಹೀರು. ಕೊಳ್ಳುವ ಮುನ್ನ ಎಲ್ಲಿ ಬಗ್ಗಿ ನೋಡಬೇಕೆಂದು ಎಲ್ಲರಿಗೂ ಗೊತ್ತಿದೆ. ಎಲ್ಲರಿಗೂ ಗೊತ್ತಿರುವ ಸುಳ್ಳಿನ ಜೊತೆ ಬಾಳುವುದು, ಸಭ್ಯವಾಗಿ ಬಾಯಿ ಮುಚ್ಚಿಕೊಂಡಿರುವ ಸತ್ಯದ ಜೊತೆ ಬಾಳುವುದಕ್ಕಿಂತ ಅಗ್ಗ. ನಿಮ್ಮ ಸ್ವಭಾವ ಬೇರೆಯಿದ್ದರೆ ತೀರ್ಪೂ ಬೇರೆಯಾಗುತ್ತದೆ, ವಾದವೇನೂ ಮುರಿಯುವುದಿಲ್ಲ. ಮಾರುವವನ ಎದುರು ನಿಂತಾಗ ಇದರ ವಿಶೇಷವೇನು ಎಂದು ಕೇಳಬೇಡಿ, ಅದನ್ನು ಅವನು ಕೇಳದೆಯೇ ಹೇಳುತ್ತಾನೆ. ಇದರ ಯಾವ ಕಾಟ ನಿಮಗೆ ಅಭ್ಯಾಸವಾಗಿಹೋಗಿದೆ ಎಂದು ಕೇಳಿ, ಉತ್ತರ ಕೇಳಿ ನಗು ಬಂದರೆ ಕೊಳ್ಳಿ, ನಿಟ್ಟುಸಿರು ಬಂದರೆ ಬಿಡಿ. ಇಷ್ಟಾದಮೇಲೂ ಎರಡು ಕಾರುಗಳ ದೋಷವೂ ಸಮನಾಗಿ ಮುದ್ದು ಬರುತ್ತಿದ್ದರೆ, ಅಡ್ಡಿಯಿರುವುದು ಗ್ಯಾರೇಜಿನ ಅಗಲದಲ್ಲಿ. ಅದಕ್ಕೆ ಪ್ರಬಂಧಕಾರರನ್ನು ಬಿಟ್ಟು ಕಟ್ಟಡದ ಕಂಟ್ರಾಕ್ಟರನ್ನು ವಿಚಾರಿಸುವುದು ಒಳ್ಳೆಯದು.